ಸೀರೆ ಕುಚ್ಚಿನ ಆಸೆಗೆ ಕ್ರೋಶಾ ಕಡ್ಡಿ ಹಿಡಿದೆ

ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಿಂದ ದಾರ ಹೆಣೆಯುವ ಕ್ರೋಶಾ ಕಲಿಯಲು ನಾನು ಹೊರಟಿದ್ದು ಸೀರೆ ಕುಚ್ಚಿಗಾಗಿ. ರೇಷ್ಮೆ ಸೀರೆ ಕೊಂಡ ಮೇಲೆ ಫಾಲ್, ರವಿಕೆ, ಕುಚ್ಚು ಅಂತ ಖರ್ಚು ಬೆಳೆಯುತ್ತಲೇ ಹೋಗುತ್ತದೆ, ಅಲ್ವಾ? ಸಾದಾ ಗೊಂಡೆಗೆ ಒಂದು ರೇಟು. ಕ್ರೋಶಾ ಹೆಣಿಗೆ, ಮಣಿ ಎಲ್ಲಾ ಬೇಕು ಅಂದರೆ ಅದರ ಎರಡರಷ್ಟು, ಮೂರರಷ್ಟು. ಹಾಗಂತ ದುಬಾರಿ ಅಂತ ಗೊಣಗುವ ಹಾಗೂ ಇಲ್ಲ. ನಿಟ್ಟಿಂಗ್‌ಗಾದರೆ ಮೆಷಿನ್ ಇದೆ. ಕ್ರೋಶಾದಲ್ಲಿ ಪ್ರತಿ ಗಂಟೂ ಯಾರದೋ ಕೈಯಿಂದಲೇ ಬರಬೇಕು.

ನಮ್ಮ ಬೀದಿಯಲ್ಲೇ ಕುಚ್ಚು ಹಾಕುವವರೊಬ್ಬರಿದ್ದಾರೆ. ಬೆಳಗಾವಿ ಕಡೆಯವರು. ಕಲಿಸಿಕೊಡಿ ಅಂತ ಕೇಳಿದೆ. "ಸೀರೆ ಆಮೇಲೆ. ಮೊದಲು ದಪ್ಪ ಉಲ್ಲನ್ ತಗೊಂಡು ಬರ್ರಿ" ಅಂದರು. ಆಗ ಸಪ್ಪೆ ಅನಿಸಿತ್ತು. ಈಗ ನನ್ನನ್ನು ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಕುಚ್ಚಿನ ರೇಷ್ಮೆ ದಾರ ಜಾರುತ್ತದೆ, ಎಳೆ ಎಳೆಯಾಗಿ ಬಿಡುತ್ತದೆ. ಕಡ್ಡಿಯ ದಪ್ಪ 1 ಮಿ.ಮೀ. ಆಸುಪಾಸು. ಎಲ್ಲಿ ಚುಚ್ಚಿದೆ ಅನ್ನುವುದೇ ಕಣ್ಣಿಗೆ ಕಾಣದಿದ್ದರೆ ಕಲಿಯುವುದು ಹೇಗೆ?

ಕೊಂಡಿದ್ದು ಇಷ್ಟು: 4 ಮಿ.ಮೀ.ನ ಒಂದು ಅಲ್ಯೂಮಿನಿಯಂ ಕಡ್ಡಿ, 4 ಪ್ಲೈ ಅಕ್ರಿಲಿಕ್ ಉಲ್ಲನ್ನಿನ ಎರಡು ಉಂಡೆ, ಒಂದಿಷ್ಟು ಸೇಫ್ಟಿ ಪಿನ್ನು. ಉಲ್ಲನ್ನಿನ ಬಣ್ಣ ತಿಳಿ ಇರಲಿ. ಬೆಣ್ಣೆ ಬಣ್ಣ, ತಿಳಿ ನೀಲಿ, ಯಾವುದಾದರೂ ಸರಿ. ಕಪ್ಪು, ಮೆರೂನ್ ತಗೊಂಡರೆ ಗಂಟು ಕಾಣುವುದಿಲ್ಲ, ಸಂಜೆ ದೀಪದ ಬೆಳಕಿನಲ್ಲಂತೂ ಬೇಡವೇ ಬೇಡ. ತುಪ್ಪಳದ ಹಾಗೆ ಮೆತ್ತಗಿರುವ ಉಲ್ಲನ್ ಅಂಗಡಿಯಲ್ಲಿ ಬಹಳ ಚೆಂದ ಕಾಣುತ್ತದೆ, ಆದರೆ ಬಿಚ್ಚಲು ಹೋದರೆ ಒಂದಕ್ಕೊಂದು ಸಿಕ್ಕಿಕೊಂಡು ಪ್ರಾಣ ತಿನ್ನುತ್ತದೆ. ಕಲಿಯುವವರು ಹೆಣೆಯುವುದಕ್ಕಿಂತ ಬಿಚ್ಚುವುದೇ ಜಾಸ್ತಿ. ಡಜನ್ ಕಡ್ಡಿಗಳ ಸೆಟ್ ಸದ್ಯಕ್ಕೆ ಬೇಕಾಗಿಲ್ಲ.

ಕಡ್ಡಿ ಹಿಡಿಯುವ ಕೈಗಿಂತ ದಾರ ಹಿಡಿಯುವ ಕೈಗೇ ಹೆಚ್ಚು ಕೆಲಸ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಲಗೈಯದು ಸುಲಭ. ಪೆನ್ನಿನ ಹಾಗೋ ಚಾಕುವಿನ ಹಾಗೋ ಹಿಡಿದುಕೊಂಡರೆ ಆಯಿತು, ಎರಡೂ ಸರಿಯೇ. ಎಡಗೈ ಒಂದೇ ಹೊತ್ತಿಗೆ ಮೂರು ಕೆಲಸ ಮಾಡಬೇಕು. ದಾರವನ್ನು ಅಳತೆಯಾಗಿ ಬಿಡಬೇಕು, ತೋರುಬೆರಳಿನ ಮೇಲೆ ಬಿಗಿಯಾಗಿ ನಿಲ್ಲಿಸಬೇಕು, ಹೆಬ್ಬೆರಳು ಮತ್ತು ನಡುಬೆರಳಿನಿಂದ ಹೆಣಿಗೆಯನ್ನು ಹಿಡಿದಿರಬೇಕು. ನನಗೆ ಹೊಂದಿದ್ದು ಕಿರುಬೆರಳಿಗೆ ಒಂದು ಸುತ್ತು ಸುತ್ತಿ, ನಡುವಿನ ಎರಡು ಬೆರಳುಗಳ ಕೆಳಗಿಂದ ತಂದು, ತೋರುಬೆರಳಿನ ಮೇಲೆ ಹಾಯಿಸುವ ರೀತಿ. ಬೇಸಿಗೆಯಲ್ಲಿ ಬೆರಳು ಬೆವರಿ ದಾರ ಓಡುವುದಿಲ್ಲ. ಆಗ ಕಿರುಬೆರಳಿನ ಸುತ್ತು ಬಿಟ್ಟುಬಿಡುತ್ತೇನೆ.

ನನ್ನ ಮಗಳು ಎಡಚಿ. ಅವಳಿಗೆ ವಿಡಿಯೋ ನೋಡಿ ತಲೆ ಕೆಟ್ಟಿತ್ತು. ಪಕ್ಕದಲ್ಲಿ ಕೂರುವ ಬದಲು ನನ್ನ ಎದುರಿಗೆ ಕೂತಳು, ಕನ್ನಡಿಯಲ್ಲಿ ನೋಡಿದ ಹಾಗೆ ಮಾಡುತ್ತಾ ಹೋದಳು. ಸರಿಹೋಯಿತು.

ಜಾರುಗಂಟು ಹಾಕಿ ಚೈನ್ ಶುರು ಮಾಡುವುದು ಎಲ್ಲರಿಗೂ ಬೇಗ ಬರುತ್ತದೆ. ದಾರ ಸುತ್ತು, ಕುಣಿಕೆಯೊಳಗಿಂದ ಎಳೆ, ಅಷ್ಟೇ. ಆದರೆ ಚೈನ್ ಬಿಗಿಯಾಗುತ್ತದೆ. ಎಷ್ಟು ಬಿಗಿ ಅಂದರೆ ಮುಂದಿನ ಸಾಲಿನಲ್ಲಿ ಕಡ್ಡಿ ಒಳಗೆ ಹೋಗುವುದೇ ಇಲ್ಲ. "ಕೈ ಸಡಿಲ ಬಿಡ್ರಿ" ಅಂತ ಎಷ್ಟು ಹೇಳಿದರೂ ಇದು ಸರಿಹೋಗುವುದಿಲ್ಲ. ಕಡ್ಡಿಯನ್ನೇ ಸರಿಯಾಗಿ ನೋಡಬೇಕು. ತುದಿಯಲ್ಲಿ ಕೊಕ್ಕೆ, ಅದರ ಕೆಳಗೆ ಸಣ್ಣಗಾಗುವ ಕುತ್ತಿಗೆ, ಆಮೇಲೆ ಒಂದೇ ದಪ್ಪದ ಮೈ. 4 ಮಿ.ಮೀ. ಅನ್ನುವುದು ಆ ಮೈಯ ಅಳತೆ. ಕುಣಿಕೆಯನ್ನು ಕುತ್ತಿಗೆಯಲ್ಲೇ ಬಿಟ್ಟು ಮುಂದಿನದನ್ನು ಎಳೆದರೆ ಕುತ್ತಿಗೆಯ ಅಳತೆಗೇ ಗಂಟು ಬೀಳುತ್ತದೆ. ಪ್ರತಿ ಸಲ ಕುಣಿಕೆಯನ್ನು ಮೈ ಮೇಲಕ್ಕೆ ಜಾರಿಸಿ, ಆಮೇಲೆ ಮುಂದಕ್ಕೆ ಹೋಗಬೇಕು. ಇಷ್ಟು ಮಾಡಿದರೆ ಬಿಗಿಯ ತಕರಾರು ಮುಕ್ಕಾಲು ಪಾಲು ಮುಗಿಯಿತು. ಆದರೂ ಬಿಗಿ ಬಂದರೆ ಚೈನನ್ನು ಮಾತ್ರ ಒಂದು ಅಳತೆ ದೊಡ್ಡ ಕಡ್ಡಿಯಲ್ಲಿ ಹಾಕಿ.

ಚೈನ್ ಎಣಿಸುವಾಗ ಕಡ್ಡಿಯ ಮೇಲಿರುವ ಕುಣಿಕೆಯನ್ನು ಎಣಿಸಬಾರದು. ಮೊದಲ ಜಾರುಗಂಟನ್ನೂ ಎಣಿಸಬಾರದು.

ಮುಂದಿನದು ಸಿಂಗಲ್ ಕ್ರೋಶಾ. ಕುಚ್ಚು ಹಾಕುವ ನಮ್ಮ ಬೆಳಗಾವಿಯ ಅಮ್ಮ ಇದಕ್ಕೆ ಮರಾಠಿಯಲ್ಲಿ ಮುಕಾ ಖಾಂಬ ಅನ್ನುತ್ತಾರೆ, ಡಬಲ್ ಕ್ರೋಶಾಗೆ ಬರೀ ಖಾಂಬ, ಅಂದರೆ ಕಂಬ. ಹೆಣಿಗೆಯ ಮೇಲ್ಗಡೆ ನೋಡಿದರೆ ಸಾಲಾಗಿ ಇಂಗ್ಲಿಷಿನ ವಿ ಅಕ್ಷರದ ಆಕಾರ ಕಾಣುತ್ತದೆ. ಒಂದು ವಿ ಅಂದರೆ ಒಂದು ಗಂಟು. ಅದರ ಎರಡೂ ಎಳೆಗಳ ಕೆಳಗೆ ಕಡ್ಡಿ ಹಾಕಿ, ದಾರ ಸುತ್ತಿ ಈಚೆ ಎಳೆಯಬೇಕು. ಈಗ ಕಡ್ಡಿ ಮೇಲೆ ಎರಡು ಕುಣಿಕೆ. ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆದರೆ ಮುಗಿಯಿತು. ಡಬಲ್‌ಗೆ ಕಡ್ಡಿಯನ್ನು ಒಳಗೆ ಹಾಕುವ ಮೊದಲೇ ಒಂದು ಸುತ್ತು ಸುತ್ತಬೇಕು. ಆಗ ಮೂರು ಕುಣಿಕೆ ಬರುತ್ತವೆ. ಎರಡರೊಳಗಿಂದ ಒಂದು ಸಲ, ಉಳಿದ ಎರಡರೊಳಗಿಂದ ಇನ್ನೊಂದು ಸಲ ಎಳೆಯುವುದು. ಈ ಎರಡು ಬಂದರೆ ಕುಚ್ಚಿಗೆ ಬೇಕಾದ್ದು ಬಹುತೇಕ ಬಂದ ಹಾಗೆ.

ಇಷ್ಟರವರೆಗೆ ಯಾವ ವಿಡಿಯೋ ನೋಡಿದರೂ ಕಲಿಯಬಹುದು. ಕಲಿತವರ ಕೈಯಲ್ಲೂ ಚೌಕ ಹೋಗಿ ತ್ರಿಕೋನ ಆಗುವುದು ಅಂಚಿನಲ್ಲಿ. 15 ಗಂಟಿನಿಂದ ಶುರುವಾದ ತುಂಡು ಮೇಲೆ ಹೋಗುತ್ತಾ ಹೋಗುತ್ತಾ 11ಕ್ಕೆ ಇಳಿದಿರುತ್ತದೆ. ಗಂಟು ಎಲ್ಲಿ ಹೋಯಿತು? ಕಾರಣ ಎರಡು. ಒಂದು, ವಿ ಆಕಾರ ತನ್ನ ಕಂಬದ ನೆತ್ತಿಯ ಮೇಲೆ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ವಾಲಿರುತ್ತದೆ. ಹಾಗಾಗಿ ಸಾಲಿನ ಕೊನೆಯ ವಿ ಅಂಚಿಗೆ ಮಡಿಚಿಕೊಂಡು ಕಾಣದೆ ಹೋಗುತ್ತದೆ. ಇನ್ನೊಂದು, ಸಾಲು ತಿರುಗಿಸುವಾಗ ಹಾಕುವ ಚೈನಿನ ಲೆಕ್ಕ. ಸಿಂಗಲ್‌ನಲ್ಲಿ ತಿರುಗಿಸಲು ಒಂದು ಚೈನ್, ಅದು ಗಂಟಿನ ಲೆಕ್ಕಕ್ಕಿಲ್ಲ. ಹಾಗಾಗಿ ಅಂಚಿನ ಮೊದಲ ವಿಗೇ ಕಡ್ಡಿ ಹಾಕಬೇಕು. ಡಬಲ್‌ನಲ್ಲಿ ಮೂರು ಚೈನ್, ಅದು ಸಾಮಾನ್ಯವಾಗಿ ಒಂದು ಗಂಟು ಅಂತ ಲೆಕ್ಕ. ಹಾಗಾಗಿ ಮೊದಲ ವಿ ಬಿಟ್ಟು ಎರಡನೆಯದಕ್ಕೆ ಹಾಕಬೇಕು, ಸಾಲಿನ ಕೊನೆಯ ಗಂಟನ್ನು ಹಿಂದಿನ ಸಾಲಿನ ಮೂರು ಚೈನಿನ ತಲೆಗೆ ಹಾಕಬೇಕು. ಆ ತಲೆ ವಿ ತರಹ ಕಾಣುವುದಿಲ್ಲ, ಸುಮ್ನೆ ಒಂದು ಉಬ್ಬಿನ ಹಾಗೆ ಇರುತ್ತದೆ. ಎಲ್ಲರೂ ಬಿಟ್ಟುಬಿಡುವುದು ಅದನ್ನೇ.

ನಾನು ಪ್ರತಿ ಸಾಲಿನ ಮೊದಲ ಗಂಟಿಗೂ ಕೊನೆಯ ಗಂಟಿಗೂ ಸೇಫ್ಟಿ ಪಿನ್ನು ಚುಚ್ಚುತ್ತಿದ್ದೆ. ಸಿಂಗಲ್‌ನಲ್ಲಾದರೆ ಮುಂದಿನ ಸಾಲಿನಲ್ಲಿ ಎರಡೂ ಪಿನ್ನಿನ ಜಾಗಕ್ಕೆ ಕಡ್ಡಿ ಹೋಗಲೇಬೇಕು. ಡಬಲ್‌ನಲ್ಲಿ ಶುರುವಿನ ಪಿನ್ನಿನ ಜಾಗಕ್ಕೆ ಆ ಮೂರು ಚೈನೇ ಲೆಕ್ಕ, ಕೊನೆಯ ಪಿನ್ನಿನ ಜಾಗಕ್ಕೆ ಕಡ್ಡಿ ಹೋಗಲೇಬೇಕು. 15 ಸಿಂಗಲ್ ಬೇಕಾದರೆ 16 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನಿಗೆ ಶುರು. 15 ಡಬಲ್ ಬೇಕಾದರೆ 17 ಚೈನ್, ಕಡ್ಡಿಯಿಂದ ನಾಲ್ಕನೆಯದಕ್ಕೆ ಶುರು. ಈ ಎರಡು ತುಂಡನ್ನು ಅಂಗೈಯಗಲ ಹೆಣೆದು, ಬಿಚ್ಚಿ, ಮತ್ತೆ ಹೆಣೆದು ಎಷ್ಟೋ ಸಂಜೆ ಕಳೆದೆ. ಕ್ರೋಶಾದಲ್ಲಿ ಒಂದು ಸುಖ ಇದೆ. ಯಾವ ಹೊತ್ತಿಗೂ ಬಿಚ್ಚಿಹೋಗುವ ಹಾಗೆ ಇರುವುದು ಒಂದೇ ಕುಣಿಕೆ. ನಿಟ್ಟಿಂಗ್‌ನಲ್ಲಿ ಕಡ್ಡಿ ಜಾರಿದರೆ ಒಂದು ಸಾಲಿನ ಕುಣಿಕೆಗಳೆಲ್ಲಾ ಬಾಯಿ ಬಿಡುತ್ತವೆ. ಇಲ್ಲಿ ತಪ್ಪಿದ ಜಾಗದವರೆಗೆ ಎಳೆದು, ಆ ಒಂದು ಕುಣಿಕೆಗೆ ಕಡ್ಡಿ ತೂರಿಸಿದರೆ ಸಾಕು.

ಆಮೇಲೆ ದುಂಡನೆಯ ಹೆಣಿಗೆ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಇದು. ಎರಡು ಚೈನ್ ಹಾಕಿ, ಕಡ್ಡಿಯಿಂದ ಎರಡನೆಯದರೊಳಗೆ 6 ಸಿಂಗಲ್. ಮುಂದಿನ ಸುತ್ತಿನಲ್ಲಿ ಪ್ರತಿ ಗಂಟಿಗೆ ಎರಡೆರಡು, 12 ಆಯಿತು. ಅದರ ಮುಂದೆ 18, 24, 30. ಸುತ್ತಿಗೆ 6 ಹೆಚ್ಚುತ್ತಾ ಹೋದರೆ ತಟ್ಟೆಯ ಹಾಗೆ ಚಪ್ಪಟೆಯಾಗಿ ಕೂರುತ್ತದೆ. ಯಾಕೆ 6? ಸಿಂಗಲ್ ಗಂಟಿನ ಎತ್ತರ, ಅಗಲ ಹೆಚ್ಚುಕಡಿಮೆ ಒಂದೇ. ವೃತ್ತದ ತ್ರಿಜ್ಯ ಒಂದು ಗಂಟಿನಷ್ಟು ಬೆಳೆದರೆ ಸುತ್ತಳತೆ ಅದರ 6.28ರಷ್ಟು ಬೆಳೆಯುತ್ತದೆ. ಹೈಸ್ಕೂಲಿನ ಪೈ ಲೆಕ್ಕವೇ! ಡಬಲ್ ಗಂಟು ಅದರ ಸುಮಾರು ಎರಡರಷ್ಟು ಎತ್ತರ, ಅದಕ್ಕೆ ಸುತ್ತಿಗೆ 12 ಹೆಚ್ಚಿಸುತ್ತಾರೆ. ಕಡಿಮೆ ಹೆಚ್ಚಿಸಿದರೆ ಬಟ್ಟಲಾಗುತ್ತದೆ, ಜಾಸ್ತಿ ಹೆಚ್ಚಿಸಿದರೆ ಅಂಚು ನೆರಿಗೆ ಬೀಳುತ್ತದೆ. ಟೋಪಿ ಬೇಕಿದ್ದವರು ಹೆಚ್ಚಿಸುವುದನ್ನು ಬೇಕೆಂದೇ ನಿಲ್ಲಿಸುತ್ತಾರೆ. ಇದು ತಿಳಿದ ಮೇಲೆ ಪ್ಯಾಟರ್ನ್ ನೋಡದೆಯೇ ಲೋಟದ ಕೆಳಗಿಡುವ ಮ್ಯಾಟುಗಳನ್ನು ಮಾಡುತ್ತಾ ಹೋದೆ.

ಪ್ಯಾಟರ್ನ್ ಓದುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಸಿಂಗಲ್ ಅನ್ನುವುದನ್ನು ಬ್ರಿಟಿಷರು ಡಬಲ್ ಅನ್ನುತ್ತಾರೆ. ಅಮೆರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ನಾನು ಇಲ್ಲಿ ಹೇಳಿದ್ದೆಲ್ಲಾ ಅಮೆರಿಕದ ಲೆಕ್ಕ. ಗಂಟಿನ ಎತ್ತರ ಚಿತ್ರಕ್ಕೆ ತಾಳೆಯಾಗದಿದ್ದರೆ ಮೊದಲು ಇದನ್ನು ನೋಡಿ.

ಉಲ್ಲನ್ನಿನಿಂದ ನೇರ ರೇಷ್ಮೆಗೆ ಹಾರಲಿಲ್ಲ. ನಡುವೆ ಹತ್ತಿ ದಾರ, ಸಣ್ಣ ಸ್ಟೀಲ್ ಕಡ್ಡಿ. ಟಿ.ವಿ. ಮೇಲೆ, ಫೋನಿನ ಕೆಳಗೆ ಹಾಸುತ್ತಿದ್ದ ಬಿಳಿ ಹೂವಿನ ಹಾಸುಗಳನ್ನು ಮಾಡುತ್ತಿದ್ದ ದಾರವೇ ಇದು. ಆಂಧ್ರದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಇವತ್ತಿಗೂ ಹೆಂಗಸರ ಕೈಯಲ್ಲೇ ನಡೆಯುತ್ತಿದೆ. 2024ರಲ್ಲಿ ಅದಕ್ಕೆ ಜಿ.ಐ. (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಆ ಲೇಸಿನ ಫೋಟೋ ಹಿಗ್ಗಿಸಿ ನೋಡಿದರೆ ಇದೇ ಚೈನು, ಇದೇ ಕಂಬ. ಹತ್ತಿಯ ಹಾಸು ಮುದುಡಿದ ಹಾಗೆ ಇದ್ದರೆ ಒದ್ದೆ ಮಾಡಿ, ತೆಳ್ಳಗಿನ ಅನ್ನದ ಗಂಜಿಯಲ್ಲಿ ಅದ್ದಿ, ಟವೆಲ್ ಮೇಲೆ ಎಳೆದು ಪಿನ್ನು ಚುಚ್ಚಿ ಒಣಗಿಸಿ. ನೆಟ್ಟಗೆ ನಿಲ್ಲುತ್ತದೆ. ಅಕ್ರಿಲಿಕ್‌ಗೆ ಮಾತ್ರ ಬಿಸಿ ಇಸ್ತ್ರಿ ತಾಗಿಸಬೇಡಿ. ಅದು ಪ್ಲಾಸ್ಟಿಕ್ಕೇ, ಕರಗಿ ಜೋತುಬೀಳುತ್ತದೆ.

ಕೊನೆಗೆ ಕುಚ್ಚು. ಮೊದಲು ಕೈ ಇಟ್ಟಿದ್ದು ಹಳೆಯ ಕಾಟನ್ ದುಪಟ್ಟಾ ಮೇಲೆ. ಸೆರಗಿನ ಅಂಚನ್ನು ಸಣ್ಣಗೆ ಮಡಿಚಿ ಹೊಲಿದುಕೊಂಡು, ಅರ್ಧ ಇಂಚಿಗೊಂದು ಚಾಕ್ ಗುರುತು. ಸೀರೆಯ ಅಗಲ ಸುಮಾರು 45 ಇಂಚು, ಅಂದರೆ ಹತ್ತಿರ ಹತ್ತಿರ 90 ಜಾಗ. ಗುರುತು ಇದ್ದಲ್ಲಿ ಬಟ್ಟೆಗೆ ಕಡ್ಡಿ ಚುಚ್ಚಿ ಒಂದು ಸಿಂಗಲ್. ಕುಚ್ಚಿನವರ ಬಾಯಲ್ಲಿ ಇದು ಲಾಕ್. ನಡುವೆ ಚೈನ್, ಮತ್ತೆ ಲಾಕ್. ಮುಂದಿನ ಸಾಲಿನಲ್ಲಿ ಚೈನಿನ ಕಮಾನು, ಕಮಾನಿನೊಳಗೆ ಐದಾರು ಡಬಲ್ ಹಾಕಿದರೆ ಬೀಸಣಿಗೆ. ಮೂರು ಜಾಗಕ್ಕೊಂದು ಬೀಸಣಿಗೆ ಅಂದರೆ 30. ಈ ಭಾಗಾಕಾರ ಮೊದಲೇ ಮಾಡಿಕೊಳ್ಳಿ, ಇಲ್ಲದಿದ್ದರೆ ಸೆರಗಿನ ತುದಿಯಲ್ಲಿ ಅರ್ಧ ಬೀಸಣಿಗೆ ಉಳಿದು ಕಣ್ಣಿಗೆ ಹೊಡೆಯುತ್ತದೆ. ಮಣಿ ಬೇಕಾದರೆ ಹೆಣೆಯುವ ಮೊದಲೇ ದಾರಕ್ಕೆ ಪೋಣಿಸಿಟ್ಟುಕೊಂಡು, ಬೇಕಾದಲ್ಲಿ ಒಂದೊಂದೇ ಮೇಲಕ್ಕೆ ಸರಿಸಿ.

ಚೈನ್ ಬಿಗಿಯಾದರೆ ಇಡೀ ಸೆರಗು ಸುರುಟಿಕೊಳ್ಳುತ್ತದೆ, ಸಡಿಲವಾದರೆ ಕಮಾನು ಜೋಲುತ್ತದೆ. ಕಡ್ಡಿಯ ಮೈ ಮೇಲೆ ಕುಣಿಕೆ ಜಾರಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಒತ್ತಾಗಿ ನೇಯ್ದ ರೇಷ್ಮೆಗೆ ಕಡ್ಡಿಯನ್ನು ಒತ್ತಿ ತೂರಿಸಬೇಡಿ, ಎಳೆ ಕಿತ್ತು ಬರುತ್ತದೆ. ದಪ್ಪ ಸೂಜಿಯಿಂದ ಮೊದಲು ದಾರಿ ಮಾಡಿಕೊಂಡರೆ ಬಟ್ಟೆಗೆ ಪೆಟ್ಟಾಗುವುದಿಲ್ಲ.

ಗೊಂಡೆ ಕಟ್ಟುವುದು ಬೇರೆಯದೇ ಕೆಲಸ. ಎಲ್ಲಾ ಒಂದೇ ಉದ್ದ, ಒಂದೇ ದಪ್ಪ ಬರಬೇಕು, ನನಗೆ ಅಷ್ಟು ತಾಳ್ಮೆ ಇಲ್ಲ. ಕ್ರೋಶಾ ಅಂಚು ಮುಗಿಸಿ ಸೀರೆಯನ್ನು ಬೆಳಗಾವಿಯ ಅಮ್ಮನಿಗೆ ಕೊಡುತ್ತೇನೆ. ಅವರು ಅಂಚನ್ನು ಒಮ್ಮೆ ಉದ್ದಕ್ಕೂ ಎಳೆದು ನೋಡಿ, ಗೊಂಡೆಯ ದುಡ್ಡು ಮಾತ್ರ ತಗೊಳ್ಳುತ್ತಾರೆ.