ಅಲುಗುವ ಕುರ್ಚಿಗೆ ಮೊಳೆ ಹೊಡೆಯಬೇಡಿ, ಬಿಚ್ಚಿ ಅಂಟಿಸಿ

ಹಿಂಗಾಲೂ ಸೀಟಿನ ಪಟ್ಟಿಯೂ ಕೂಡುವ ಮೂಲೆಯಲ್ಲಿ ಮೊಳೆಯ ತಲೆ ಕಂಡರೆ ಸಾಕು, ಆ ಕುರ್ಚಿಯ ಕಥೆ ನನಗೆ ಗೊತ್ತಾಗಿಬಿಡುತ್ತದೆ. ಕುರ್ಚಿ ಅಲುಗಿದೆ. ಯಾರೋ ಸಂದಿಗೆ ಅಂಟು ಸುರಿದಿದ್ದಾರೆ. ಸ್ವಲ್ಪ ದಿನ ತಡೆದು ಮತ್ತೆ ಅಲುಗಿದೆ. ಆಮೇಲೆ ಮೊಳೆ, ಅದೂ ಸಡಿಲವಾದ ಮೇಲೆ ಕಬ್ಬಿಣದ ಎಲ್ ಪಟ್ಟಿ. ಐವತ್ತು, ಅರವತ್ತರ ದಶಕದ ಒಳ್ಳೊಳ್ಳೆಯ ತೇಗದ ಕುರ್ಚಿಗಳು ಹೀಗೆ ಹಾಳಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹುಳು ತಿಂದ ಕುರ್ಚಿಗಳಿಗಿಂತ ರಿಪೇರಿಯೇ ತಿಂದ ಕುರ್ಚಿಗಳು ನನ್ನ ಕೈಗೆ ಹೆಚ್ಚು ಬಂದಿವೆ. ಅದಕ್ಕೇ ಈ ಬರಹ.

ಮಿಡ್‌ಸೆಂಚುರಿ ಮಾಡರ್ನ್ ಎಂದು ಈಗ ಕರೆಯುವುದು ಹೆಚ್ಚುಕಡಿಮೆ ಎರಡನೇ ಮಹಾಯುದ್ಧ ಮುಗಿದ ಮೇಲಿನ ಎರಡು ದಶಕಗಳ ಪೀಠೋಪಕರಣಗಳನ್ನು. ಡೆನ್ಮಾರ್ಕಿನ ಹಾನ್ಸ್ ವೆಗ್ನರ್, ಫಿನ್ ಯೂಲ್, ಆರ್ನೆ ಯಾಕೋಬ್ಸನ್, ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಇವರೆಲ್ಲ ಕೆತ್ತನೆ, ಹೂಬಳ್ಳಿಗಳನ್ನು ಬಿಟ್ಟು ಬರೀ ಆಕಾರದಲ್ಲೇ ಚೆಲುವು ಕಂಡವರು. ಡೇನಿಶ್ ಕುರ್ಚಿಗಳಲ್ಲಿ ಆ ಚೆಲುವು ಇರುವುದು ಮರದ ತೆಳುತನದಲ್ಲಿ. ದಪ್ಪ ಮರದ ಕುರ್ಚಿಯಾದರೆ ನಾಲ್ಕು ಮೊಳೆ ತಡೆದುಕೊಂಡೀತು. ಇಲ್ಲಿ ಬೆರಳು ದಪ್ಪದ ಪಟ್ಟಿಯೊಂದು ಸಪೂರ ಕಾಲಿನೊಳಗೆ ಒಂದಂಗುಲದಷ್ಟು ಹೊಕ್ಕು ಕೂತಿರುತ್ತದೆ, ಅಷ್ಟೇ. ಅಲ್ಲಿ ಮೊಳೆ ಹೊಡೆದರೆ ಮರ ಸೀಳುತ್ತದೆ.

1. ಕೊಳ್ಳುವ ಮೊದಲು ಬೋರಲು ಹಾಕಿ ನೋಡಿ

ಮೇಲಿನ ಹೊಳಪು ನೋಡಿ ಮರುಳಾಗಬೇಡಿ. ಕುರ್ಚಿಯನ್ನು ತಲೆಕೆಳಗು ಮಾಡಿ. ತಯಾರಕರ ಮುದ್ರೆ, ಸುಟ್ಟ ಗುರುತು, ಲೋಹದ ಬಿಲ್ಲೆ ಇದ್ದರೆ ಇರುವುದು ಅಲ್ಲೇ. ಹಳೆಯ ಮೊಳೆ, ಸ್ಕ್ರೂ, ಅಂಟಿನ ಗಡ್ಡೆಗಳು ಕಾಣುವುದೂ ಅಲ್ಲೇ. ಹುಳುವಿನ ತೂತುಗಳ ಅಂಚು ಬೆಳ್ಳಗಿದ್ದು, ತಟ್ಟಿದರೆ ಹಿಟ್ಟು ಉದುರಿದರೆ ಹುಳು ಇನ್ನೂ ಜೀವಂತ ಇದೆ ಎಂದೇ ತಿಳಿಯಿರಿ. ಅಂಥದನ್ನು ಮನೆಯೊಳಗೆ ತರಬೇಡಿ. ಅಲುಗುವ ಕುರ್ಚಿಗೆ ಹೆದರಬೇಕಿಲ್ಲ. ಕೀಲಿನ ಹತ್ತಿರ ಮರವೇ ಸೀಳಿದ್ದರೆ ಮಾತ್ರ ಎರಡು ಸಲ ಯೋಚಿಸಿ.

ಚಂಡೀಗಢದ ಸರ್ಕಾರಿ ಕಟ್ಟಡಗಳಿಗಾಗಿ ವಾಸ್ತುಶಿಲ್ಪಿ ಪಿಯೆರ್ ಜಾನ್ನರೆ ರೂಪಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳಿಗಂತೂ ನಕಲುಗಳು ವಿಪರೀತ. ಹಿಂಬದಿಯಲ್ಲಿ ಇಲಾಖೆಯ ಅಕ್ಷರ, ಸಂಖ್ಯೆ ಬರೆದಿದೆ ಎಂಬುದೊಂದನ್ನೇ ನಂಬಿ ಅಸಲಿ ಎನ್ನಬೇಡಿ. ನಕಲು ಮಾಡುವವನಿಗೆ ಅಕ್ಷರ ಬರೆಯುವುದೇ ಎಲ್ಲಕ್ಕಿಂತ ಸುಲಭದ ಕೆಲಸ. ಬ್ರೆಜಿಲ್‌ನ ರೋಸ್‌ವುಡ್ ಬಳಸಿದ ಕುರ್ಚಿಯಾದರೆ ಇನ್ನೊಂದು ಎಚ್ಚರ ಬೇಕು: 1992ರಿಂದ ಆ ಮರ, ಅಳಿವಿನಂಚಿನ ಜೀವಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ದಾಖಲೆಗಳಿಲ್ಲದೆ ದೇಶದ ಗಡಿ ದಾಟಿಸುವಂತಿಲ್ಲ.

2. ಗುರುತು ಹಾಕಿ, ಫೋಟೋ ತೆಗೆಯಿರಿ

ಪ್ರತಿ ತುಂಡಿಗೂ ಕಾಗದದ ಟೇಪ್ ಅಂಟಿಸಿ ಪೆನ್ಸಿಲಿನಲ್ಲಿ ಬರೆಯಿರಿ: ಎಡ, ಬಲ, ಹಿಂದೆ, ಮುಂದೆ. ಎಡದ ಪಟ್ಟಿ ಬಲಕ್ಕೂ ಹೋಗುವಂತೆ ಕಂಡರೂ ಕೂರುವುದಿಲ್ಲ.

3. ಬಿಚ್ಚುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕೊಡತಿ ಹಿಡಿಯುವ ಮೊದಲು ಒಂದು ಚಿಕ್ಕ ಅಯಸ್ಕಾಂತ ತೆಗೆದುಕೊಂಡು ಪ್ರತಿ ಕೀಲಿನ ಸುತ್ತ ಮೆಲ್ಲಗೆ ಸರಿಸಿ. ಎಲ್ಲಾದರೂ ಅದು ಚಕ್ಕನೆ ಅಂಟಿತೋ, ಒಳಗೆ ಮೊಳೆಯಿದೆ. ಹಳೆಯ ರಿಪೇರಿಯವರು ಮೊಳೆಯ ತಲೆಯನ್ನು ಒಳಕ್ಕೆ ತಳ್ಳಿ ಮೇಲೆ ಮೇಣ ತುಂಬಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ತೆಗೆಯದೆ ಕೀಲು ಎಳೆದರೆ ಒಳಗಿನ ಮರ ಉದ್ದಕ್ಕೆ ಸಿಗಿದು ಬರುತ್ತದೆ. ಒಂದು ಊಟದ ಮೇಜಿನ ಕುರ್ಚಿಯಲ್ಲಿ ನನಗೂ ಹೀಗೇ ಆಯಿತು. ಗೇಣುದ್ದದ ಸಿಬಿರು ಎದ್ದುಬಂತು. ಅದನ್ನು ಕೂರಿಸುವುದಕ್ಕೇ ಎರಡು ದಿನ ಹಿಡಿಯಿತು. ಸೀಟಿನ ಕೆಳಗೆ ಮೂಲೆಮೂಲೆಗೆ ಇರುವ ತ್ರಿಕೋನದ ಮರದ ತುಂಡುಗಳ ಸ್ಕ್ರೂಗಳನ್ನೂ ಮೊದಲೇ ಬಿಚ್ಚಿಡಿ.

ಇನ್ನು ಅಂಟು ಯಾವುದೆಂದು ತಿಳಿಯಬೇಕು. ಚರ್ಮ, ಮೂಳೆ ಕುದಿಸಿ ಮಾಡಿದ ಹಳೆಯ ಮರವಜ್ರವಾದರೆ ಕಂದುಬಣ್ಣಕ್ಕಿದ್ದು, ಗಾಜಿನ ಹಾಗೆ ಚೂರುಚೂರಾಗಿ ಒಡೆಯುತ್ತದೆ. ಒಂದು ಹನಿ ಬಿಸಿನೀರು ಬಿಟ್ಟು ಬೆರಳಿನಲ್ಲಿ ತಿಕ್ಕಿದರೆ ಮತ್ತೆ ಜಿಗುಟಾಗುತ್ತದೆ. ಬಿಳಿ ಅಂಟು, ಅಂದರೆ ಪಿವಿಎ ಆದರೆ ಬಿಸಿನೀರಿಗೆ ಬೆಳ್ಳಗಾಗಿ ರಬ್ಬರಿನಂತೆ ಎಳೆಯಲು ಬರುತ್ತದೆ. ಮರವಜ್ರಕ್ಕೆ ಬಿಸಿನೀರು, ಹಬೆ ಸಾಕು. ಹಬೆ ಬೇಡವೆಂದರೆ ಸಿರಿಂಜಿನಲ್ಲಿ ಸ್ಪಿರಿಟ್ ಬಿಡಬಹುದು, ಅದು ಮರವಜ್ರದ ನೀರನ್ನೆಲ್ಲ ಹೀರಿ ಬಿರುಕು ಬಿಡಿಸುತ್ತದೆ. ಆದರೆ ಅರಗಿನ ಪಾಲಿಶ್ ಇರುವ ಕುರ್ಚಿಗೆ ಸ್ಪಿರಿಟ್ ತಾಗಿದರೆ ಪಾಲಿಶ್ ಕರಗಿಹೋಗುತ್ತದೆ. ಪಿವಿಎಗೆ ಬೆಚ್ಚಗಿನ ವಿನಿಗರ್ ಬಿಟ್ಟು ತಾಳ್ಮೆಯಿಂದ ಕಾಯಬೇಕು.

ಬಿಚ್ಚಲು ನನಗೆ ಇಷ್ಟವಾದುದು ತಿರುಗಿಸಿ ಹಾಕಿದ ಕ್ಲಾಂಪ್ (ತಿರುಪಿನಿಂದ ಬಿಗಿಯುವ ಹಿಡಿಕೆ). ಒತ್ತುವ ಬದಲು ಹೊರಕ್ಕೆ ತಳ್ಳುವಂತೆ ಅದನ್ನು ಜೋಡಿಸಿ ಕಾಲುಸುತ್ತು ತಿರುಗಿಸಿ, ನಿಲ್ಲಿಸಿ, ಮತ್ತೆ ಕಾಲುಸುತ್ತು. ಸದ್ದು ಬಂದರೆ ಕೇಳಿ: ಟಿಕ್ ಎಂದರೆ ಅಂಟು ಬಿಟ್ಟಿತು, ಚರ್ರ್ ಎಂದರೆ ಮರ ಸೀಳುತ್ತಿದೆ. ಕೊಡತಿಯೇ ಬೇಕಾದರೆ ರಬ್ಬರಿನದು ಇರಲಿ, ನಡುವೆ ಮರದ ತುಂಡು ಇರಲಿ, ಏಟು ಕೀಲಿನ ಪಕ್ಕಕ್ಕೇ ಬೀಳಲಿ. ಕಾಲಿನ ತುದಿಗೆ ಹೊಡೆದರೆ ಕಾಲೇ ಮುರಿಯುತ್ತದೆ. ಮತ್ತೊಂದು ಮಾತು: ಗಟ್ಟಿಯಾಗಿ ಕೂತ ಕೀಲನ್ನು ಬಲವಂತವಾಗಿ ಬಿಚ್ಚಬೇಡಿ. ಎಲ್ಲವನ್ನೂ ಬಿಚ್ಚಿದರೇ ಪೂರ್ತಿ ರಿಪೇರಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ.

4. ಹಳೆ ಅಂಟನ್ನು ಕೆರೆದು ತೆಗೆಯುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸಂದಿಗೆ ಅಂಟು ಸುರಿದವರು ಸೋಲುವುದೂ ಇದನ್ನು ಬಿಟ್ಟಿದ್ದರಿಂದಲೇ. ಅಂಟು ಮರದ ಎಳೆಯೊಳಗೆ ಇಳಿದರಷ್ಟೇ ಹಿಡಿಯುತ್ತದೆ. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಬಿಳಿ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ.

ಕೆರೆಯಿರಿ, ಉಜ್ಜಬೇಡಿ. ಸ್ಯಾಂಡ್ ಪೇಪರ್ ಹಿಡಿದರೆ ಅಂಟಿನ ಜೊತೆಗೆ ಮರವೂ ಹೋಗಿ, ಬಿಗಿಯಾಗಿ ಕೂರಬೇಕಾದ ನಾಲಿಗೆ, ಅಂದರೆ ಕಾಲಿನೊಳಗೆ ಹೊಗುವ ಪಟ್ಟಿಯ ತುದಿ, ಅರ್ಧ ಮಿಲಿಮೀಟರ್ ಸವೆಯುತ್ತದೆ. ಆ ಅರ್ಧ ಮಿಲಿಮೀಟರಿನಲ್ಲೇ ಕುರ್ಚಿ ಮತ್ತೆ ಅಲುಗುವುದು. ಹರಿತವಾದ ಉಳಿಯನ್ನು ನೆಟ್ಟಗೆ ಹಿಡಿದು ಹಿಂದಕ್ಕೆ ಎಳೆಯುತ್ತ ಬನ್ನಿ, ಅಂಟು ಪುಡಿಯಾಗಿ ಉದುರುತ್ತದೆ. ಮರದ ನಿಜವಾದ ಬಣ್ಣ ಕಂಡ ಕೂಡಲೇ ನಿಲ್ಲಿಸಿ. ನಾಲಿಗೆ ಕೂರುವ ಗುಂಡಿಯ ಒಳಗೋಡೆಗೆ ಸಪೂರ ಉಳಿ, ಟಾರ್ಚು ಬೇಕು. ತಳದ ಮೂಲೆಗಳಲ್ಲಿ ಕೂತ ಅಂಟಿನ ಹರಳುಗಳನ್ನೂ ಬಿಡಬೇಡಿ, ಅವು ಪಟ್ಟಿ ಪೂರ್ತಿ ಒಳಹೋಗದಂತೆ ತಡೆಯುತ್ತವೆ. ಮರವಜ್ರದ್ದು ಒಂದು ದೊಡ್ಡ ಗುಣವಿದೆ, ಹೊಸದನ್ನು ಹಚ್ಚಿದರೆ ಹಳೆಯ ಪದರವೂ ಕರಗಿ ಅದರೊಂದಿಗೆ ಬೆರೆಯುತ್ತದೆ. ಹಳೆ ಕುರ್ಚಿಯಲ್ಲಿ ಮರವಜ್ರ ಇದ್ದರೆ ನಾನು ಮರವಜ್ರವನ್ನೇ ಬಳಸುತ್ತೇನೆ. ಮುಂದೊಂದು ದಿನ ಇನ್ನೊಬ್ಬರು ಬಿಚ್ಚುವುದಕ್ಕೂ ಸಾಧ್ಯವಾಗಬೇಕು.

ಎರಡು ತುಂಡುಗಳನ್ನು ಕೂಡಿಸುವ ದುಂಡು ಮರದ ಗೂಟ ಮುರಿದಿದ್ದರೆ ಸಮಕ್ಕೆ ಕತ್ತರಿಸಿ, ನಡುವಿನಲ್ಲಿ ಸಣ್ಣ ತೂತು ಕೊರೆದು ಹಂತಹಂತವಾಗಿ ದೊಡ್ಡದು ಮಾಡುತ್ತ ತೆಗೆಯಿರಿ. ಹೊಸ ಗೂಟಕ್ಕೆ ಉದ್ದಕ್ಕೂ ಗೀರು ಇರಲೇಬೇಕು, ತೂತು ಗೂಟಕ್ಕಿಂತ ಎರಡು ಮಿಲಿಮೀಟರ್ ಆಳ ಇರಬೇಕು. ಇಲ್ಲದಿದ್ದರೆ ತಳದಲ್ಲಿ ಸಿಕ್ಕಿಕೊಂಡ ಅಂಟಿಗೆ ಹೋಗಲು ದಾರಿಯಿಲ್ಲದೆ, ಕ್ಲಾಂಪ್ ಬಿಗಿಯುವಾಗ ಕಾಲೇ ಬಿರಿಯುತ್ತದೆ.

ಕೀಲು ಸಡಿಲವಾಗಿದ್ದರೆ ನಾಲಿಗೆಯ ಕೆನ್ನೆಗೆ, ಅಂದರೆ ಅದರ ಅಗಲದ ಮೈಗೆ, ತೆಳುವಾದ ವೆನೀರ್ (ಮರದ ಹಾಳೆ) ತುಂಡು ಅಂಟಿಸಿ, ಒಣಗಿದ ಮೇಲೆ ಕೆರೆದು ಅಳತೆಗೆ ತನ್ನಿ. ಕೈಯಲ್ಲಿ ಒತ್ತಿದರೆ ಒಳಹೋಗಬೇಕು, ಬೋರಲು ಹಿಡಿದರೆ ಬೀಳಬಾರದು. ಮರದ ಹೊಟ್ಟನ್ನು ಅಂಟಿಗೆ ಕಲಸಿ ತುಂಬುವ ಉಪಾಯ ಬಹಳ ಜನಪ್ರಿಯ, ಆದರೆ ಅದರಲ್ಲಿ ಬಲವಿಲ್ಲ. ಚಿಟಿಕೆ ಹೊಡೆಯುವಷ್ಟರಲ್ಲಿ ಅಂಟುವ ಸೂಪರ್ ಗ್ಲೂ ಕುರ್ಚಿಯ ಹತ್ತಿರವೂ ಸುಳಿಯಬಾರದು. ಅದು ಗಾಜಿನಂತೆ ಪೆಡಸು, ಕೂತವರು ಹಿಂದಕ್ಕೆ ಒರಗಿದ ಒಂದೇ ಏಟಿಗೆ ಬಿಡುತ್ತದೆ.

5. ಅಂಟಿಲ್ಲದೆ ಒಮ್ಮೆ ಜೋಡಿಸಿ, ಆಮೇಲೆ ಅಂಟು

ಮೊದಲು ಒಣ ಜೋಡಣೆ, ಕ್ಲಾಂಪ್ ಸಮೇತ. ಸಮತಟ್ಟಾದ ಮೇಜಿನ ಮೇಲೆ ನಾಲ್ಕು ಕಾಲೂ ಊರುತ್ತವೆಯೇ ನೋಡಿ. ಸೀಟಿನ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆಯಿರಿ, ಮುಂದೆ ಅಗಲ ಹಿಂದೆ ಕಿರಿದು ಇರುವ ಸೀಟಿನಲ್ಲೂ ಅವು ಒಂದೇ ಅಳತೆ ಬರಬೇಕು. ಬಾಗಿದ ಕಾಲಿಗೆ ಕ್ಲಾಂಪ್ ಜಾರುತ್ತದೆ. ಅಲ್ಲಿ ಹಗ್ಗ ಎರಡು ಸುತ್ತು ಕಟ್ಟಿ ನಡುವೆ ಕೋಲು ತೂರಿಸಿ ತಿರುಚಿ, ಅದಕ್ಕಿಂತ ಒಳ್ಳೆಯ ಕ್ಲಾಂಪ್ ಇಲ್ಲ.

ತೇಗದಲ್ಲಿ ಮರದ್ದೇ ಎಣ್ಣೆ ಇರುತ್ತದೆ, ಅದು ಅಂಟನ್ನು ಹಿಡಿಯಗೊಡುವುದಿಲ್ಲ. ಬಟ್ಟೆಯಲ್ಲಿ ಅಸಿಟೋನ್ ಅದ್ದಿ ಕೂಡುವ ಎರಡೂ ಮೈಯನ್ನು ಒರೆಸಿ. ಬಟ್ಟೆ ಕಂದು ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಆರಿದ ಕೂಡಲೇ ಅಂಟು ಹಚ್ಚಿ. ತಡಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಅಂಟನ್ನು ಬ್ರಷ್‌ನಲ್ಲಿ ನಾಲಿಗೆಗೂ ಗುಂಡಿಗೂ ತೆಳ್ಳಗೆ ಹಚ್ಚಿ. ಬಿಳಿ ಅಂಟಿನಲ್ಲಿ ನಿಮಗೆ ಸಿಗುವುದು ಐದು–ಹತ್ತು ನಿಮಿಷ ಮಾತ್ರ. ಅದಕ್ಕೇ ಇಡೀ ಕುರ್ಚಿಯನ್ನು ಒಂದೇ ಸಲಕ್ಕೆ ಅಂಟಿಸಲು ಹೋಗಬೇಡಿ: ಇವತ್ತು ಹಿಂಭಾಗ, ನಾಳೆ ಮುಂಭಾಗ, ನಾಡಿದ್ದು ಎರಡನ್ನೂ ಕೂಡಿಸುವುದು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಅಂಟು ಉಳಿದುಕೊಂಡ ಕಡೆ ಎಣ್ಣೆ ಇಳಿಯದೆ ಬಿಳಿ ಮಚ್ಚೆ ಆಗುತ್ತದೆ. ಕೊನೆಯ ಜೋಡಣೆ ಆದ ಮೇಲೆ 24 ಗಂಟೆ ಯಾರೂ ಕೂರಬಾರದು.

6. ಮೇಲ್ಮೈ

ಯಂತ್ರದ ಸ್ಯಾಂಡರ್ ಬೇಡವೇ ಬೇಡ. ವೆನೀರ್ ಇದ್ದರೆ ಅದರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಇರುವುದೇ ಹೆಚ್ಚು, ಕಣ್ಣು ಮಿಟುಕಿಸುವುದರೊಳಗೆ ಕೆಳಗಿನ ಮರ ಹೊರಬರುತ್ತದೆ. ಎಣ್ಣೆ ಹಚ್ಚಿದ್ದ ತೇಗವನ್ನು ಟರ್ಪೆಂಟೈನ್‌ನಲ್ಲಿ ಅದ್ದಿದ ನಯವಾದ ಉಕ್ಕಿನ ನಾರಿನಿಂದ ಎಳೆಯ ದಿಕ್ಕಿನಲ್ಲೇ ತೊಳೆಯಿರಿ. ದಶಕಗಳ ಕೈಕೊಳೆ ಬಿಟ್ಟಾಗ ಜೇನುಬಣ್ಣ ಏಳುತ್ತದೆ. ಆಮೇಲೆ ಎಣ್ಣೆ ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ, ಮರುದಿನ ಇನ್ನೊಂದು ಸಲ. ಪಾಲಿಯುರಥೇನ್ ವಾರ್ನಿಷ್ ಬಳಿದು ಪ್ಲಾಸ್ಟಿಕ್ಕಿನಂತೆ ಹೊಳೆಯಿಸಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ಬಿಡಿಸಿ ಒಣಹಾಕಿ.

7. ಸೀಟು

ಹಳೆ ಫೋಮ್ ಪುಡಿಯಾಗಿದ್ದರೆ ಬದಲಿಸಿ, ಕೆಳಗಿನ ರಬ್ಬರ್ ಪಟ್ಟಿ ಗಡುಸಾಗಿದ್ದರೆ ಅದನ್ನೂ ಬದಲಿಸಿ. ಕಾಗದದ ಹುರಿಯ ಸೀಟು ಮಾತ್ರ ಬೇರೆ ವಿದ್ಯೆ. ವೆಗ್ನರ್ 1949ರಲ್ಲಿ ರೂಪಿಸಿದ ವಿಶ್‌ಬೋನ್ ಕುರ್ಚಿಯೊಂದಕ್ಕೇ ಸುಮಾರು 120 ಮೀಟರ್ ಹುರಿ ಬೇಕು. ಅದನ್ನು ಕಲಿತವರ ಕೈಗೆ ಕೊಡಿ. 1956ರ ಈಮ್ಸ್ ಲೌಂಜ್ ಕುರ್ಚಿಯಲ್ಲಿ ಬೆನ್ನೊರಗನ್ನು ಹಿಡಿದಿರುವ ರಬ್ಬರ್ ಬಿಲ್ಲೆಗಳೂ ಹಾಗೆಯೇ. ರಬ್ಬರ್ ಪೆಡಸಾದದ್ದು ಗೊತ್ತಾದ ದಿನವೇ ಕೂರುವುದನ್ನು ನಿಲ್ಲಿಸಿ. ಅದು ಕಿತ್ತುಬರುವಾಗ ಪ್ಲೈವುಡ್ಡಿನ ಪದರವನ್ನೂ ಕಿತ್ತುಕೊಂಡೇ ಬರುತ್ತದೆ.