ಲೈಬ್ರರಿ ಹೊಸದಾಯಿತು, ಪ್ರೋಗ್ರಾಂ ಹಳೇದೇ ಉಳಿದಿತ್ತು

ವಿಜಯಪುರದ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ಗೆ ನಾನು ಸಿ ಭಾಷೆಯಲ್ಲಿ ಬರೆದುಕೊಟ್ಟ ಚಿಕ್ಕ ಪ್ರೋಗ್ರಾಂ ಇದೆ. ದಿನದ ತೂಕದ ಲೆಕ್ಕವನ್ನು ಝಡ್‌ಲಿಬ್ ಅನ್ನೋ ಲೈಬ್ರರಿಯಿಂದ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಕುಗ್ಗಿಸಿ ಬ್ಯಾಕಪ್ ಇಡುತ್ತದೆ. ಝಡ್‌ಲಿಬ್ 1.2.11ರಲ್ಲಿ, ಕುಗ್ಗಿಸುವಾಗ ಮೆಮೊರಿ ಕೆಡಿಸಬಲ್ಲ ದೋಷವಿತ್ತು. 2022ರ ಮಾರ್ಚ್‌ನಲ್ಲಿ ಬಂದ 1.2.12ರಲ್ಲಿ ಅದು ಸರಿಹೋಯಿತು. ತಕ್ಷಣ ಅಲ್ಲಿನ ಲಿನಕ್ಸ್ ಮಶಿನ್ ಅಪ್‌ಡೇಟ್ ಮಾಡಿದೆ.

"ಅಪ್‌ಡೇಟ್ ಆತಲ್ರಿ, ಇನ್ನೇನೈತ್ರಿ?" ಅಂದರು ಮ್ಯಾನೇಜರ್. ನನಗೆ ಸಮಾಧಾನ ಇರಲಿಲ್ಲ. ಪ್ರೋಗ್ರಾಂ ಹೊರಗಿನ ಯಾವ ಲೈಬ್ರರಿ ಬಳಸುತ್ತದೆ ಅಂತ ತೋರಿಸುವ ಎಲ್‌ಡಿಡಿ ಕಮಾಂಡ್ ಹಾಕಿ ನೋಡಿದೆ, ಡೈನಾಮಿಕ್ ಅಲ್ಲ (ಹೊರಗಿನ ಲೈಬ್ರರಿ ಬಳಸುವುದಿಲ್ಲ) ಅಂತ ಬಂತು. ಅಂದರೆ ಝಡ್‌ಲಿಬ್ ಕೋಡ್ ಪ್ರೋಗ್ರಾಂನ ಹೊಟ್ಟೆಯೊಳಗೇ ಇದೆ, ಅಲ್ವಾ? ಸಿಸ್ಟಮ್ ಲೈಬ್ರರಿ ಬದಲಾದರೆ ಅದಕ್ಕೇನೂ ತಟ್ಟುವುದಿಲ್ಲ. ಫೈಲಿನೊಳಗಿನ ಓದಬಹುದಾದ ಅಕ್ಷರಗಳನ್ನು ತೋರಿಸುವ ಸ್ಟ್ರಿಂಗ್ಸ್ ಕಮಾಂಡ್ ಕೊಟ್ಟಾಗ ‘ಡಿಫ್ಲೇಟ್ 1.2.11’ (ಡಿಫ್ಲೇಟ್ ಅಂದರೆ ಝಡ್‌ಲಿಬ್‌ನ ಕುಗ್ಗಿಸುವ ಭಾಗ) ಅನ್ನೋ ಸಾಲು ಕಣ್ಣೆದುರಿಗೇ ಇತ್ತು.

ಪ್ರೋಗ್ರಾಂ ಮತ್ತೆ ಕಟ್ಟಲು ಮೇಕ್ ಕಮಾಂಡ್ ಕೊಟ್ಟೆ. ಮಾಡೋದು ಏನೂ ಇಲ್ಲ ಅಂದಿತು. ಅದು ನನ್ನ ಸೋರ್ಸ್ ಫೈಲುಗಳ ಸಮಯ ಮಾತ್ರ ನೋಡುತ್ತಿತ್ತು, ಅದಕ್ಕೆ ಸೂಚನೆ ಬರೆದಿಡುವ ಮೇಕ್‌ಫೈಲ್‌ನಲ್ಲಿ ಲೈಬ್ರರಿಯ ಹೆಸರು ಇರಲೇ ಇಲ್ಲ. ಮೊದಲು ಕಟ್ಟಿದ್ದನ್ನು ಅಳಿಸುವ ಮೇಕ್ ಕ್ಲೀನ್ ಮಾಡಿ ಮತ್ತೆ ಕಟ್ಟಿದೆ.

ಆಗಲೂ 1.2.11!

ಇಲ್ಲೇ ಜಾಸ್ತಿ ಹೊತ್ತು ಹೋಯಿತು. ಯಾವ ಫೈಲು ಎತ್ತಿಕೊಳ್ಳುತ್ತೀಯ ತೋರಿಸು ಅಂತ, ಕೋಡ್ ಮತ್ತು ಲೈಬ್ರರಿ ಜೋಡಿಸುವ ಲಿಂಕರ್‌ಗೆ ಟ್ರೇಸ್ ಆಯ್ಕೆ ಕೊಟ್ಟೆ. ಆಗ ಸಿಕ್ಕಿತು. ಯೂಸರ್ ಲೋಕಲ್ ಫೋಲ್ಡರಿನಲ್ಲಿ ನಾನೇ ಹಿಂದೆ ಕಂಪೈಲ್ ಮಾಡಿಟ್ಟಿದ್ದ ಹಳೇ ಲಿಬ್‌ಝಡ್ ಡಾಟ್ ಎ (ಝಡ್‌ಲಿಬ್‌ನದೇ ಫೈಲು) ಕೂತಿತ್ತು. ಲಿಂಕರ್ ಮೊದಲು ಅಲ್ಲೇ ಹುಡುಕುತ್ತಿತ್ತು. ಅದನ್ನು ತೆಗೆದು ಮತ್ತೆ ಕಟ್ಟಿದೆ, 1.2.12 ಬಂತು.

ಓಡುತ್ತಿದ್ದ ಹಳೇ ಪ್ರೋಗ್ರಾಂ ನಿಲ್ಲಿಸಿ ಹೊಸದನ್ನು ಶುರು ಮಾಡಿದೆ. ಆ ಸಂಜೆಯ ಬ್ಯಾಕಪ್ ಬಿಚ್ಚಿ, ತೂಕದ ಪುಸ್ತಕದ ಜೊತೆ ಒಂದೊಂದೇ ಸಾಲು ತಾಳೆ ನೋಡಿದೆವು. ಎಲ್ಲ ಸರಿ ಇತ್ತು.