ಉಸಿರು ಕಟ್ಟಿ ಮುಳುಗುವವರು ಜಾಸ್ತಿ ಉಸಿರೆಳೆಯಬೇಡಿ

ಸಿಲಿಂಡರ್ ಇಲ್ಲದೆ ಮುಳುಗಿ ಚಿಪ್ಪು ಆರಿಸಬೇಕು, ಈಟಿಯಿಂದ ಮೀನು ಹೊಡೆಯಬೇಕು ಅಂತ ಹೊರಡುವ ಹೊಸಬರು ಈಟಿ ಹಾರಿಸುವ ಗನ್ ಬಗ್ಗೆ ಗಂಟೆಗಟ್ಟಲೆ ವಿಚಾರಿಸುತ್ತಾರೆ. ಉಸಿರಿನ ಬಗ್ಗೆ ಯಾರೂ ಕೇಳುವುದಿಲ್ಲ.

ಮೊದಲು ಸಾಮಾನು. ಮಾಸ್ಕ್ ಮೂಗನ್ನು ಮುಚ್ಚಲೇಬೇಕು. ಈಜುಕೊಳದ ಗಾಗಲ್ಸ್ ಬೇಡವೇ ಬೇಡ, ಆಳಕ್ಕೆ ಹೋದಂತೆ ಅದು ಕಣ್ಣನ್ನು ಹೀರುತ್ತದೆ, ಸರಿಮಾಡಲು ದಾರಿಯೇ ಇರುವುದಿಲ್ಲ. ಮುಖವಿಡೀ ಮುಚ್ಚುವ ಸ್ನಾರ್ಕೆಲ್ (ನೀರಿನ ಮೇಲಿಂದ ಉಸಿರಾಡುವ ಕೊಳವೆ) ಮಾಸ್ಕ್ ಕೂಡ ತೇಲುವುದಕ್ಕಷ್ಟೇ. ಸೊಂಟದ ತೂಕದ ಬೆಲ್ಟ್ ಒಂದೇ ಕೈಯಲ್ಲಿ ಎಳೆದರೆ ಬಿಚ್ಚುವಂತಿರಲಿ. ಉಸಿರು ಪೂರ್ತಿ ಬಿಟ್ಟಾಗಲೂ ನೀವು ತೇಲುತ್ತಿರಬೇಕು. ಮುಳುಗಿದರೆ ತೂಕ ತೆಗೆಯಿರಿ.

ಇನ್ನು ಉಸಿರು. ಮುಳುಗುವ ಮುಂಚೆ ಬುಸುಬುಸು ಅಂತ ಜೋರಾಗಿ ಉಸಿರೆಳೆದರೆ ಆಮ್ಲಜನಕ ತುಂಬಿಕೊಳ್ಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ರಕ್ತದಲ್ಲಿ ಅದು ಮೊದಲೇ ಹೆಚ್ಚುಕಮ್ಮಿ ತುಂಬಿರುತ್ತದೆ, ಹಾಗೆ ಮಾಡಿದರೆ ಖಾಲಿಯಾಗುವುದು ಇಂಗಾಲದ ಡೈಆಕ್ಸೈಡ್. 'ಸಾಕು, ಮೇಲೆ ಹೋಗು' ಅಂತ ಒದ್ದಾಡಿಸುವುದೇ ಅದು. ಅದು ಕಡಿಮೆಯಾದರೆ ಎಚ್ಚರಿಕೆ ತಡವಾಗುತ್ತದೆ, ಆಮ್ಲಜನಕ ಮಾತ್ರ ಸುಮ್ನೆ ಮುಗಿಯುತ್ತಾ ಹೋಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು ಇರುವುದರಿಂದ ಉಳಿದ ಚೂರು ಆಮ್ಲಜನಕವೂ ಅಲ್ಲಿ ಸಾಲುತ್ತದೆ, ಮೇಲೆ ಬರುತ್ತಾ ಒತ್ತಡ ಇಳಿದ ಹಾಗೆ ಅದೇ ಸಾಲದಾಗುತ್ತದೆ. ಅದಕ್ಕೇ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಕೊನೆಯ ಕೆಲವು ಮೀಟರ್‌ಗಳಲ್ಲಿ, ಇಲ್ಲವೇ ತಲೆ ನೀರಿಂದ ಆಚೆ ಬಂದ ಮೇಲೆ. ಯಾವ ಮುನ್ಸೂಚನೆಯೂ ಇರುವುದಿಲ್ಲ.

ಹಾಗಾಗಿ ಮುಖ ಕೆಳಗೆ ಮಾಡಿ ತೇಲುತ್ತಾ ಎರಡು ನಿಮಿಷ ಮಾಮೂಲಿಯಂತೆ ಉಸಿರಾಡಿ. ಕೊನೆಗೆ ಒಂದು ತುಂಬು ಉಸಿರು, ಸ್ನಾರ್ಕೆಲ್ ಬಾಯಿಂದ ತೆಗೆಯಿರಿ, ಮುಳುಗಿ. ಮೇಲೆ ಬಂದಾಗ ಪೂರ್ತಿ ಉಸಿರು ಬಿಡಬೇಡಿ. ಸ್ವಲ್ಪ ಬಿಟ್ಟು, ಗಬಕ್ಕನೆ ಎಳೆದು, ಒಂದು ಕ್ಷಣ ಹಿಡಿದು, ಮತ್ತೆ ಹಾಗೇ ಮೂರ್ನಾಲ್ಕು ಸಲ. ಮುಂದಿನ ಮುಳುಗಿಗೆ ಮುಂಚೆ, ಕೆಳಗೆ ಇದ್ದದ್ದಕ್ಕೆ ಕನಿಷ್ಠ ಎರಡರಷ್ಟು ಹೊತ್ತು ಮೇಲಿರಿ. ದೊಡ್ಡ ಮೀನು ಕಂಡರೂ ಅಷ್ಟೇ.

ಜೊತೆಗಾರ ಇಲ್ಲದಿದ್ದರೆ ಹೋಗಲೇಬೇಡಿ. ಒಬ್ಬರು ಕೆಳಗೆ, ಒಬ್ಬರು ಮೇಲೆ. ಮೇಲೆ ಬಂದವರನ್ನು ಅರ್ಧ ನಿಮಿಷ ನೋಡುತ್ತಲೇ ಇರಬೇಕು. ಇಬ್ಬರೂ ಒಟ್ಟಿಗೆ ಮುಳುಗಿ, ಬೇರೆ ಬೇರೆ ಬಂಡೆ ಹುಡುಕುವುದಕ್ಕೆ ಜೊತೆ ಅನ್ನುತ್ತಾರಾ?

ಕಿವಿ ನೋಯುವ ಮುಂಚೆಯೇ, ಮೊದಲ ಮೀಟರ್‌ನಿಂದಲೇ, ಮೂಗು ಹಿಡಿದು ಗಾಳಿ ಒತ್ತಿ. ಕಿವಿ ಬಿಡದಿದ್ದರೆ ವಾಪಸ್ ಬನ್ನಿ. ನೆಗಡಿ ಇದ್ದ ದಿನ ಮನೆಯಲ್ಲಿರಿ, ಮಾತ್ರೆ ನುಂಗಿ ಮುಳುಗುವ ಅಡ್ಡದಾರಿ ಬೇಡ.

ಗನ್ ವಿಷಯ ಚಿಕ್ಕದು: ನೀರಿನೊಳಗೇ ಲೋಡ್ ಮಾಡಿ, ನೀರಿನೊಳಗೇ ಅನ್‌ಲೋಡ್ ಮಾಡಿ, ಈಟಿಯ ತುದಿ ಯಾರ ಕಡೆಗೂ ತಿರುಗಬಾರದು. ಹೊಡೆದ ಮೀನನ್ನು ಸೊಂಟಕ್ಕೆ ಕಟ್ಟಬೇಡಿ, ಬಾವುಟವಿರುವ ತೇಲುಬುಂಡೆಗೆ ಕಟ್ಟಿ.

ಚಿಪ್ಪಿನಲ್ಲಿ ಅಬಲೋನಿಗೆ (ಬಂಡೆಗೆ ಅಂಟಿ ಬದುಕುವ ಒಂಟಿ ಚಿಪ್ಪಿನ ಕಡಲ ಬಸವನಹುಳು) ಮಾತ್ರ ನಾಜೂಕು ಬೇಕು. ಮುಟ್ಟಿದರೆ ಬಂಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಆದ್ದರಿಂದ ಮೊಂಡು ಅಂಚಿನ ಚಪ್ಪಟೆ ಕಬ್ಬಿಣವನ್ನು ಒಂದೇ ಸಲಕ್ಕೆ ಒಳಗೆ ತೂರಿಸಿ ಎಬ್ಬಿಸಿ. ಚಾಕು ಬಳಸಬೇಡಿ. ಅದರ ರಕ್ತ ಹೆಪ್ಪುಗಟ್ಟುವುದಿಲ್ಲ, ಗಾಯವಾದರೆ ಸಾಯಬಹುದು. ಅಳತೆಗೆ ಚಿಕ್ಕದಿದ್ದರೆ ಅದೇ ಬಂಡೆಗೆ, ಅಂಟಿಕೊಳ್ಳುವ ಮಾಂಸದ ಕಾಲು ಕೆಳಗಾಗಿ ಇಟ್ಟು ಬನ್ನಿ, ಮೇಲಿಂದ ಎಸೆದರೆ ಮೀನು ತಿನ್ನುತ್ತದೆ. ಅಳತೆ, ಸಂಖ್ಯೆ, ನಿಷೇಧದ ತಿಂಗಳು ಜಾಗಕ್ಕೊಂದು ಥರ ಇರುತ್ತವೆ, ಮೊದಲೇ ನೋಡಿಕೊಳ್ಳಿ. ವಿಷಪಾಚಿಯ ಎಚ್ಚರಿಕೆ ಇದ್ದಾಗ ಕಪ್ಪೆಚಿಪ್ಪು ಮುಟ್ಟಬೇಡಿ, ಆ ವಿಷ ಕುದಿಸಿದರೂ ಹೋಗುವುದಿಲ್ಲ.